ಎದೆಯ ಲಿಂಗ, ಸೊಂಟದ ಪಿಸ್ತೂಲು

ಭಯವು ಮನುಷ್ಯನಿಗೆ ಹುಟ್ಟಿನೊಡನೆ ಬಂದುದು. ಅದು ಪಾಪವಲ್ಲ, ದೇಹಧರ್ಮ. ಕತ್ತಲಲ್ಲಿ ಹಾವನ್ನು ತುಳಿದೆನೆಂದು ಬೆಚ್ಚಿದವನನ್ನು ಯಾರೂ ಹೇಡಿಯೆನ್ನುವುದಿಲ್ಲ. ಆದರೆ ಹುಟ್ಟಿದ ಭಯವನ್ನು ಯಾರ ಮುಂದೆ ಇಡಬೇಕು, ಯಾವುದರಿಂದ ಅಡಗಿಸಬೇಕು ಎಂಬ ಪ್ರಶ್ನೆ ದೇಹಕ್ಕೆ ಸಂಬಂಧಿಸಿದುದಲ್ಲ. ಅದು ಧರ್ಮಕ್ಕೆ ಸಂಬಂಧಿಸಿದುದು. ಒಬ್ಬನು ತನ್ನ ಭಯವನ್ನು ನೆರೆಯವನೊಡನೆ ಹೇಳಿಕೊಳ್ಳುತ್ತಾನೆ; ಇನ್ನೊಬ್ಬನು ಗುರುವಿನ ಮುಂದೆ ಇಡುತ್ತಾನೆ; ಮತ್ತೊಬ್ಬನು ಆಯುಧವನ್ನು ಕೊಳ್ಳುತ್ತಾನೆ. ಈ ಮೂರನೆಯವನ ದಾರಿ ಲಿಂಗಧಾರಿಯಾದ ಗೃಹಸ್ಥನಿಗೆ ಎಷ್ಟರಮಟ್ಟಿಗೆ ಸಲ್ಲುವುದೆಂಬುದು ವಿಚಾರಾರ್ಹವಾದ ಸಂಗತಿ.

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕು ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡ ಸೀಮೆ. ಅಲ್ಲಿಯ ಸರಸಂಬಾದಂಥ ಊರಿನ ಒಬ್ಬ ಗೃಹಸ್ಥನನ್ನು ಉದಾಹರಣೆಗಾಗಿ ಭಾವಿಸಬಹುದು. ಎರೆಯ ಹೊಲ, ತೊಗರಿಯ ಬೆಳೆ, ಮನೆ ತುಂಬ ಮಕ್ಕಳು, ತಪ್ಪದೆ ನಡೆಯುವ ಲಿಂಗಪೂಜೆ, ಬಂದ ಜಂಗಮರಿಗೆ ಪ್ರಸಾದ. ಬಾಳಿಗೆ ಇದ್ದ ಕೊರತೆ ಒಂದೇ: ಬದುವಿನ ವಿಷಯವಾಗಿ ದಾಯಾದಿಗಳೊಡನೆ ಬಹುಕಾಲದಿಂದ ನಡೆದ ವ್ಯಾಜ್ಯ. ಸಂತೆಯಲ್ಲಿ ಆಡಿದ ಬೆದರಿಕೆಯ ಮಾತೊಂದು ಅವನ ಕಿವಿಗೆ ಬಿತ್ತು. ಒಂದು ರಾತ್ರಿ ಕೊಟ್ಟಿಗೆಯ ಹಿಂದೆ ಯಾರೋ ಸರಿದಾಡಿದಂತೆ ತೋರಿತು. ಅಂದಿನಿಂದ ನಿದ್ರೆ ಹೋಯಿತು. ಅರ್ಜಿ ಕೊಟ್ಟು, ವಿಚಾರಣೆ ಮುಗಿಸಿ, ಪರವಾನಗಿ ಪಡೆದನು. ಪರಿಚಿತನೊಬ್ಬನಲ್ಲಿ ಹಳೆಯ ಜರ್ಮನ್ ಪಿಸ್ತೂಲೊಂದು ಮಾರಾಟಕ್ಕಿತ್ತು. ತೊಗರಿ ಮಾರಿ ಬಂದ ಹಣದಲ್ಲಿ ಮುಂಗಡವನ್ನೂ ಕೊಟ್ಟನು. ಆಮೇಲೆ ಅವನ ಮನಸ್ಸು ತಿರುಗಿತು. ಕೊಂಡೆನಲ್ಲಾ ಎಂಬ ಸಮಾಧಾನಕ್ಕೆ ಬದಲಾಗಿ, ಕೊಳ್ಳಬೇಕೇ ಎಂಬ ಪ್ರಶ್ನೆ ಎದ್ದಿತು.

ಇಂಥ ವಸ್ತುವಿನ ವ್ಯವಹಾರವೇ ಬೇರೆ. ೧೯೮೦ರ ದಶಕದ ನಡುಭಾಗದಿಂದ ಖಾಸಗಿ ಜನರು ಹೊರದೇಶದ ಪಿಸ್ತೂಲುಗಳನ್ನು ಸ್ವತಂತ್ರವಾಗಿ ತರಿಸಿಕೊಳ್ಳುವುದಕ್ಕೆ ಸರಕಾರದ ತಡೆಯುಂಟು. ಆದುದರಿಂದ ಅದಕ್ಕೆ ಮೊದಲು ಬಂದವುಗಳೇ ಕೈಯಿಂದ ಕೈಗೆ ಸಾಗುತ್ತ, ಮುಪ್ಪಾದಷ್ಟೂ ಬೆಲೆಯೇರಿ, ಲಕ್ಷಗಟ್ಟಲೆ ರೂಪಾಯಿಗೆ ಮಾರಾಟವಾಗುತ್ತವೆ. ಒಂಬತ್ತು ಮಿಲಿಮೀಟರಿನ ಪಿಸ್ತೂಲು ಸಾಮಾನ್ಯ ಪರವಾನಗಿಗೆ ದೊರೆಯದು, ೭.೬೫ ಮಿಲಿಮೀಟರಿನದು ದೊರೆಯುವುದು. ಒಬ್ಬ ಪರವಾನಗಿದಾರನು ಇನ್ನೊಬ್ಬನಿಗೆ ತನ್ನ ಆಯುಧವನ್ನು ಮಾರಬೇಕಾದರೆ, ೧೯೫೯ರ ಆಯುಧ ಅಧಿನಿಯಮದ ಪ್ರಕಾರ ತನ್ನ ಉದ್ದೇಶವನ್ನು ಅಧಿಕಾರಿಗಳಿಗೆ ಬರಹದಲ್ಲಿ ತಿಳಿಸಿ ೪೫ ದಿನಗಳು ಕಾಯತಕ್ಕದ್ದು. ಈ ಅವಧಿಯು ಅಧಿಕಾರಿಗಳ ಪರಿಶೀಲನೆಗಾಗಿ ಇಟ್ಟುದು. ಆದರೆ ಕೊಳ್ಳುವವನ ಅಂತಃಕರಣಕ್ಕೂ ಅದೇ ಅವಧಿ ದೊರೆಯುತ್ತದೆ. ನಮ್ಮ ಗೃಹಸ್ಥನ ಮರುಚಿಂತೆ ಹುಟ್ಟಿದುದು ಈ ೪೫ ದಿನಗಳ ಒಳಗೆ.

ಮರುಚಿಂತೆಯನ್ನು ಲೋಕವು ದೌರ್ಬಲ್ಯವೆಂದು ನಗುವುದುಂಟು. ಆದರೆ ಶರಣರು ಅರಿವನ್ನು ಗುರುವಿನ ಸ್ಥಾನದಲ್ಲಿ ಇಟ್ಟವರು. ಮೊದಲ ಆಲೋಚನೆಯನ್ನು ಭಯವು ಮಾಡಿತ್ತು. ಎರಡನೆಯದನ್ನು ಅರಿವು ಮಾಡುತ್ತಿದೆ. ಮೊದಲನೆಯದಕ್ಕೆ ಕೈಯಳತೆಯ ದೂರ ಮಾತ್ರ ಕಂಡಿತ್ತು. ಎರಡನೆಯದಕ್ಕೆ ಮನೆ, ಮಕ್ಕಳು, ದಾಯಾದಿ, ದೇವರು ಎಲ್ಲವೂ ಕಾಣುತ್ತಿವೆ. ಇಂತಿರಲು ಎರಡನೆಯ ಆಲೋಚನೆಯನ್ನು ಅಲ್ಲಗಳೆಯುವುದು ಜಾಣತನವಲ್ಲ.

ಆದರೂ ಎದುರುಪಕ್ಷದ ಮಾತನ್ನು ನ್ಯಾಯವಾಗಿ ಕೇಳಬೇಕು. ಶರಣಪರಂಪರೆ ಆಯುಧವನ್ನೇ ಕಾಣದ ಪರಂಪರೆಯಲ್ಲ. ಕಲ್ಯಾಣದ ಕ್ರಾಂತಿಯ ಬಳಿಕ ಶರಣಸಮೂಹವು ಉಳವಿಯ ಕಡೆಗೆ ನಡೆದಾಗ ಮಡಿವಾಳ ಮಾಚಿದೇವರು ಖಡ್ಗ ಹಿಡಿದು ಕಾವಲಾಗಿ ನಡೆದರೆಂದು ಪರಂಪರೆ ಹೇಳುತ್ತದೆ. ೧೮೨೪ರ ಅಕ್ಟೋಬರಿನಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮನವರು ಕುಂಪಣಿಯ ಸೈನ್ಯವನ್ನು ಎದುರಿಸಿದರು. ಆಳಂದದ ಸೀಮೆಯ ನೆನಪು ಇನ್ನೂ ಹತ್ತಿರದ್ದು: ೧೯೪೭–೪೮ರಲ್ಲಿ ರಜಾಕಾರರ ಹಾವಳಿ ಮಿತಿಮೀರಿದಾಗ ಹೈದರಾಬಾದ್ ಸಂಸ್ಥಾನದ ಕನ್ನಡ ಜನರು ಗಡಿಯಾಚೆಯ ಶಿಬಿರಗಳಲ್ಲಿ ಸೇರಿ, ಬಂದೂಕು ಹಿಡಿದು ಊರುಗಳನ್ನು ಕಾದರು. ೧೯೪೮ರ ಸೆಪ್ಟೆಂಬರ್ ೧೭ರಂದು ನಿಜಾಮನ ಆಡಳಿತ ಶರಣಾಗುವವರೆಗೂ ಆ ಕಾವಲು ನಡೆಯಿತು. ಅವರನ್ನು ಧರ್ಮಭ್ರಷ್ಟರೆಂದು ಯಾರು ಹೇಳಬಲ್ಲರು? ದೇಶದ ಕಾನೂನು ಕೂಡ ಆತ್ಮರಕ್ಷಣೆಯ ಹಕ್ಕನ್ನು ಒಪ್ಪಿದೆ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೩೪ರಿಂದ ೪೪ರವರೆಗಿನ ಪ್ರಕರಣಗಳು ಆ ಹಕ್ಕನ್ನು ಹೇಳುತ್ತವೆ. ಅಗತ್ಯಕ್ಕೆ ಮೀರಿ ಹಾನಿ ಮಾಡಲಾಗದೆಂಬ ಮಿತಿಯನ್ನೂ ಹೇಳುತ್ತವೆ.

ಹಾಗಾದರೆ ಗೃಹಸ್ಥನ ಪಿಸ್ತೂಲು ಇದೇ ಸಾಲಿಗೆ ಸೇರುವುದೇ? ಇಲ್ಲಿಯೇ ವಿವೇಕ ಬೇಕು. ಮಾಚಿದೇವರ ಖಡ್ಗ ಅನ್ಯರ ರಕ್ಷಣೆಗೆ ಎತ್ತಿದುದು. ಗಡಿಶಿಬಿರದವರ ಬಂದೂಕು ಊರಿಗೆಲ್ಲ ಕಾಣುವಂತೆ ಹಿಡಿದುದು. ಕೆಲಸ ತೀರಿದಮೇಲೆ ಅವರು ಹೊಲಕ್ಕೆ ಮರಳಿದರು. ಚೆನ್ನಮ್ಮನವರು ಸೆರೆಸಿಕ್ಕ ಇಬ್ಬರು ಆಂಗ್ಲ ಅಧಿಕಾರಿಗಳನ್ನು ಕೊಲ್ಲಿಸಲಿಲ್ಲ. ಕಾಪಾಡಿ ಬಿಡುಗಡೆ ಮಾಡಿದರು. ಈ ಆಯುಧಗಳಿಗೆ ಒಂದು ಬಹಿರಂಗವಿತ್ತು, ಒಂದು ಅವಧಿಯಿತ್ತು, ಒಂದು ಮಿತಿಯಿತ್ತು. ದಿಂಬಿನ ಕೆಳಗಿನ ಪಿಸ್ತೂಲಿಗೆ ಇವು ಮೂರೂ ಇಲ್ಲ. ಅದು ಗುಟ್ಟಿನಲ್ಲಿ ಇರತಕ್ಕದ್ದು. ಆಯುಷ್ಯ ಮುಗಿಯುವವರೆಗೆ ಇರತಕ್ಕದ್ದು. ಅದರ ಗುರಿಯು ಹೊರಗಿನ ದಂಡಲ್ಲ, ಒಂದೇ ಅಜ್ಜನ ಮೊಮ್ಮಗ. ಅವನ ಎದೆಯಲ್ಲೂ ಲಿಂಗವಿದೆ. ಅವನಿಗೂ ದೀಕ್ಷೆ ಕೊಟ್ಟವರು ಅದೇ ಮಠದ ಗುರುಗಳು. ಗುಂಡು ಹೋಗಿ ತಾಕುವ ಸ್ಥಳ ಯಾವುದೆಂದು ಗೃಹಸ್ಥನು ಒಮ್ಮೆ ಕಣ್ಮುಚ್ಚಿ ನೋಡಿಕೊಳ್ಳಲಿ.

ಬಳಸಿದ ಆಯುಧದ ವಿಷಯದಲ್ಲಿ ಇನ್ನೊಂದು ಮಾತಿದೆ. ಹಳೆಯ ಪಾತ್ರೆಯನ್ನು ಕೊಂಡವನು ಬೆಳಗಿ ಅಡಿಗೆ ಮಾಡುತ್ತಾನೆ. ಹಳೆಯ ಪಿಸ್ತೂಲನ್ನು ಎಷ್ಟು ಒರೆಸಿದರೂ ಅದರ ಹಿಂದಣ ಕಥೆ ತಿಳಿಯುವುದಿಲ್ಲ, ಮುಂದಣ ಕಥೆಯಂತೂ ತಿಳಿಯುವುದೇ ಇಲ್ಲ. ೧೯೪೮ರ ಜನವರಿ ೩೦ರಂದು ಮಹಾತ್ಮಾ ಗಾಂಧಿಯವರ ಎದೆಗೆ ಗುಂಡು ಹಾರಿಸಿದುದು ಇಟಲಿಯಲ್ಲಿ ತಯಾರಾದ ಬೆರೆಟ್ಟಾ ಪಿಸ್ತೂಲು, ೧೯೩೪ರ ಮಾದರಿಯದು. ಹಲವು ಕೈಗಳನ್ನು ದಾಟಿ ಗ್ವಾಲಿಯರಿಗೆ ಬಂದ ಅದು, ಅಲ್ಲಿ ಹತ್ಯೆಗೆ ಎರಡು ದಿನ ಮುಂಚೆ ಕೊಲೆಗಾರನ ಕೈಸೇರಿತು. ಅದನ್ನು ಮೊದಲು ಸೊಂಟಕ್ಕೆ ಕಟ್ಟಿದವನಾಗಲಿ, ನಡುವೆ ಮಾರಿದವರಾಗಲಿ ಈ ಅಂತ್ಯವನ್ನು ಕನಸಿನಲ್ಲಿಯೂ ಎಣಿಸಿರಲಾರರು. ಇಂದು ಕೊಂಡ ಆಯುಧ ನಾಳೆ ಮಗನದಾಗುವುದು, ನಾಳಿದ್ದು ಯಾರದೋ ಆಗುವುದು. ಒಡೆಯನ ಸದುದ್ದೇಶ ಅವನೊಡನೆ ಮಣ್ಣಾಗುವುದು. ಉಕ್ಕು ಮಾತ್ರ ಉಳಿಯುವುದು.

ಅದು ಮನೆಯಲ್ಲಿದ್ದಾಗಲೂ ಒಡೆಯನ ಉದ್ದೇಶಕ್ಕೆ ಕಟ್ಟುಬಿದ್ದು ಇರುವುದಿಲ್ಲ. ಆರ್ಥರ್ ಕೆಲ್ಲರ್‌ಮನ್ ಎಂಬ ವೈದ್ಯರೂ ಅವರ ಸಂಗಡಿಗರೂ ಅಮೆರಿಕದ ಮೂರು ಪ್ರದೇಶಗಳ ಮನೆಗಳನ್ನು ಪರಿಶೀಲಿಸಿ ೧೯೯೩ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಬಂದೂಕಿರುವ ಮನೆಯಲ್ಲಿ ಕೊಲೆ ಸಂಭವಿಸುವ ಅಪಾಯ ಇಲ್ಲದ ಮನೆಗಿಂತ ಸುಮಾರು ೨.೭ ಪಟ್ಟು ಹೆಚ್ಚೆಂದು ಹೇಳಿದರು. ಆ ಹೆಚ್ಚಳವು ಕಳ್ಳರಿಂದ ಬಂದುದಲ್ಲ, ಬಹುಮಟ್ಟಿಗೆ ಮನೆಯವರಿಂದ ಮತ್ತು ಆಪ್ತಪರಿಚಿತರಿಂದ ಬಂದುದು. ಅಮೆರಿಕದ ಲೆಕ್ಕ ಆಳಂದಕ್ಕೆ ಹಾಗೆಯೇ ಹೊಂದದಿರಬಹುದು. ಆದರೆ ಮನುಷ್ಯನ ಕೋಪ ಎರಡೂ ಕಡೆ ಒಂದೇ. ಊಟದ ಹೊತ್ತಿನ ಜಗಳ, ಕುಡಿದು ಬಂದ ತಮ್ಮ, ಬೀರುವಿನ ಕೀಲಿ ಎಲ್ಲಿದೆಯೆಂದು ಬಲ್ಲ ಹುಡುಗ ಯಾವ ಮನೆಯಲ್ಲಿಲ್ಲ? ಇವೆಲ್ಲಕ್ಕಿಂತ ಗಂಭೀರವಾದುದು ಇನ್ನೊಂದು. ಮಳೆ ಕೈಕೊಟ್ಟು ತೊಗರಿ ಒಣಗಿ, ಸಾಲಗಾರನು ಬಾಗಿಲಿಗೆ ಬಂದ ವರ್ಷದಲ್ಲಿ ಒಕ್ಕಲಿಗನ ಮನಸ್ಸಿಗೆ ಕವಿಯುವ ಕತ್ತಲೆಯನ್ನು ಈ ಸೀಮೆ ಬಲ್ಲುದು. ಅಂಥ ರಾತ್ರಿ ಮನುಷ್ಯನಿಗೆ ಬೇಕಾದುದು ಬೆಳಗಿನವರೆಗಿನ ಕಾಲಾವಕಾಶ, ಪಕ್ಕದಲ್ಲಿ ಒಬ್ಬ ಮನುಷ್ಯ. ಪಿಸ್ತೂಲು ಆ ಅವಕಾಶವನ್ನು ಕೊಡುವುದಿಲ್ಲ. ಶತ್ರುವಿಗಾಗಿ ಕೊಂಡುದು ಕೊಂಡವನನ್ನೇ ನುಂಗಿದರೆ ಯಾರನ್ನು ದೂರುವುದು?

“ಬಾಗಿಲಿಗೆ ಬಂದ ಕೊಲೆಗಡುಕನನ್ನು ಏನು ಮಾಡಬೇಕು?” ಎಂದು ಕೇಳುವವರಿದ್ದಾರೆ. ವಚನಸಾಹಿತ್ಯವನ್ನು ಬಲ್ಲವರಿಗೆ ಈ ಪ್ರಶ್ನೆ ನೋವಿಲ್ಲದೆ ಕೇಳಬರುವುದಲ್ಲ. ವಚನಗಳ ಸಂಶೋಧನೆಗೆ ಬಾಳನ್ನು ಮುಡಿಪಿಟ್ಟ ಡಾ. ಎಂ. ಎಂ. ಕಲಬುರ್ಗಿಯವರನ್ನು ೨೦೧೫ರ ಆಗಸ್ಟ್ ೩೦ರ ಬೆಳಿಗ್ಗೆ ಧಾರವಾಡದ ಅವರ ಮನೆಯಲ್ಲಿಯೇ ಗುಂಡಿಟ್ಟು ಕೊಂದರು. ತನಿಖೆಯ ವರದಿಗಳ ಪ್ರಕಾರ ಬಳಕೆಯಾದುದು ೭.೬೫ ಮಿಲಿಮೀಟರಿನ ನಾಡಪಿಸ್ತೂಲು. ಆ ಮನೆಯಲ್ಲಿ ಒಂದು ಪಿಸ್ತೂಲು ಇದ್ದಿದ್ದರೆ ಅವರು ಉಳಿಯುತ್ತಿದ್ದರೆಂದು ಹೇಳಬಹುದೇ? ಉಳಿಯಬೇಕಾಗಿದ್ದರೆ, ಬಾಗಿಲಿಗೆ ಬಂದ ಪ್ರತಿಯೊಬ್ಬನನ್ನೂ, ವಿದ್ಯಾರ್ಥಿಯನ್ನೂ ಅತಿಥಿಯನ್ನೂ, ಅವರು ಪಿಸ್ತೂಲು ಹಿಡಿದೇ ಎದುರುಗೊಳ್ಳಬೇಕಾಗಿತ್ತು. ಬಂದವನನ್ನು ಬರಮಾಡಿಕೊಳ್ಳುವ ಮನೆಗೆ ಆ ಗಳಿಗೆಯಲ್ಲಿ ಪಿಸ್ತೂಲು ಉಪಯೋಗಕ್ಕೆ ಬಾರದು. ಉಪಯೋಗಕ್ಕೆ ಬರುವಂತೆ ಇಟ್ಟುಕೊಂಡರೆ ಅದು ಬರಮಾಡಿಕೊಳ್ಳುವ ಮನೆಯಾಗಿ ಉಳಿಯದು. ದಾಸೋಹದ ಹೊಸ್ತಿಲಿಗೂ ಕುದುರೆ ಏರಿಸಿದ ಪಿಸ್ತೂಲಿಗೂ ಒಂದೇ ಮನೆಯಲ್ಲಿ ಬಾಳುವೆಯಿಲ್ಲ.

ಬಸವಣ್ಣನವರ ಚರಿತೆಯಲ್ಲಿ ಒಂದು ಪ್ರಸಂಗವುಂಟು. ಅವರ ಮನೆಯ ಆಕಳುಗಳನ್ನು ಕಳ್ಳರು ಹೊಡೆದುಕೊಂಡು ಹೋದರು. ಹಟ್ಟಿಯಲ್ಲಿ ಉಳಿದ ಕರುಗಳ ಕೂಗನ್ನು ಕೇಳಿ ಬಸವಣ್ಣನವರು, ತಾಯಿಯಿಲ್ಲದೆ ಇವು ಬಾಳವೆಂದು, ಕರುಗಳನ್ನೂ ಅವರಿಗೇ ಕಳುಹಿಸಿಕೊಟ್ಟರು. ಕಳ್ಳತನಕ್ಕೆ ಕಾವಲು ಬೇಡವೆಂಬುದು ಇದರ ತಾತ್ಪರ್ಯವಲ್ಲ. ರಾಜ್ಯದ ಭಂಡಾರವನ್ನು ನಡೆಸಿದವರಿಗೆ ಕಾವಲೆಂದರೇನೆಂದು ತಿಳಿದಿತ್ತು. ತನ್ನದು ಹೋದಾಗಲೂ ಅವರಿಗೆ ಮೊದಲು ಕೇಳಿಸಿದುದು ಕರುವಿನ ಕೂಗು ಎಂಬುದು ತಾತ್ಪರ್ಯ. ಭಯಗೊಂಡವನಿಗೆ ತನ್ನ ಎದೆಬಡಿತವಲ್ಲದೆ ಬೇರೇನೂ ಕೇಳಿಸುವುದಿಲ್ಲ. ಆವರಣವೆಂದರೆ ಹೊದಿಕೆ, ಕವಚ. ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ ಎಂಬ ಎಂಟು ಕವಚಗಳನ್ನು ತೊಟ್ಟವನು ಒಂಬತ್ತನೆಯದನ್ನು ಉಕ್ಕಿನಲ್ಲಿ ಹುಡುಕಿದರೆ, ಮೊದಲ ಎಂಟರಲ್ಲಿ ಅವನಿಗಿರುವ ನಂಬಿಕೆ ಎಷ್ಟೆಂದು ಅವನೇ ಕೇಳಿಕೊಳ್ಳಬೇಕು. ಅಷ್ಟಾವರಣವು ಗುಂಡನ್ನು ತಡೆಯುತ್ತದೆಂದು ಯಾವ ಶರಣನೂ ಹೇಳಲಿಲ್ಲ. ಗುಂಡಿಗೆ ಅಂಜಿ ಮನುಷ್ಯತ್ವವನ್ನು ಬಿಡದಂತೆ ಅದು ತಡೆಯುತ್ತದೆ.

ಹಾಗೆಂದು ಬೆದರಿಕೆಗೆ ಒಳಗಾದವನು ಕೈಕಟ್ಟಿ ಕೂರಬೇಕೆಂದಲ್ಲ. ಬೆದರಿಕೆಯನ್ನು ಠಾಣೆಯಲ್ಲಿ ಬರೆಯಿಸುವುದು ನಾಚಿಕೆಯಲ್ಲ. ಬದುವಿನ ವ್ಯಾಜ್ಯವನ್ನು ಸರಕಾರದ ಮೋಜಣಿಯಿಂದ ಅಳೆಯಿಸಿ, ಅಳತೆಗೆ ಎರಡೂ ಪಕ್ಷದವರು ತಲೆಬಾಗುವಂತೆ ಗುರುಹಿರಿಯರ ಮುಂದೆ ಮಾತು ಪಡೆಯಬಹುದು. ಒಂದು ಮೊಳ ನೆಲವನ್ನು ಬಿಟ್ಟುಕೊಟ್ಟರೂ ಪಿಸ್ತೂಲಿನ ಬೆಲೆಯಷ್ಟು ನಷ್ಟವಾಗದು. ನಿಜವಾಗಿಯೂ ಬೇರೆ ಗತಿಯಿಲ್ಲದೆ, ಕಾನೂನಿನ ಒಪ್ಪಿಗೆಯಿಂದ ಆಯುಧ ಇಟ್ಟುಕೊಳ್ಳುವವನನ್ನು ನಿಂದಿಸುವುದಕ್ಕೂ ಯಾರಿಗೂ ಅಧಿಕಾರವಿಲ್ಲ. ಅಂಥವನು ಮೂರು ಪ್ರಶ್ನೆಗಳನ್ನು ತನಗೆ ತಾನೇ ಹಾಕಿಕೊಂಡರೆ ಸಾಕು. ಇದು ಯಾರ ಎದೆಗೆ? ಇದಕ್ಕೆ ಮುಂಚೆ ಮಾಡಬೇಕಾದುದನ್ನೆಲ್ಲ ಮಾಡಿದ್ದಾಯಿತೇ? ಇದು ಬಂದಮೇಲೆ ಮನೆಯ ಬಾಗಿಲು ಮೊದಲಿನಂತೆ ತೆರೆದಿರುವುದೇ?

ಸರಸಂಬಾದ ಗೃಹಸ್ಥನು ಒಂದು ಬೆಳಿಗ್ಗೆ ಲಿಂಗವನ್ನು ಕರಸ್ಥಲದಲ್ಲಿ ಇಟ್ಟು ಪೂಜೆಗೆ ಕುಳಿತಿದ್ದಾನೆಂದು ಭಾವಿಸಬಹುದು. ದೃಷ್ಟಿ ನಿಲ್ಲುವುದಿಲ್ಲ. ಅದೇ ಅಂಗೈ, ಅದೇ ಐದು ಬೆರಳು, ನಾಳೆ ಇನ್ನೊಂದನ್ನು ಹಿಡಿಯಬೇಕಾದುವು. ಮುಂಗಡದ ಹಣ ಹೋಗುತ್ತದೆ, ಮಾರುವವನು ನಗುತ್ತಾನೆ, ಊರಲ್ಲಿ ನಾಲ್ಕು ಮಾತು ಹುಟ್ಟುತ್ತವೆ. ಇವೆಲ್ಲ ನಷ್ಟಗಳೇ ಸರಿ. ಆದರೆ ಈ ನಷ್ಟಗಳಿಗೆ ಲೆಕ್ಕವುಂಟು. ಗುಂಡು ಹಾರಿದಮೇಲಿನ ನಷ್ಟಕ್ಕೆ ಲೆಕ್ಕವಿಲ್ಲ. ೪೫ ದಿನಗಳಲ್ಲಿ ಇನ್ನೂ ಕೆಲವು ಉಳಿದಿವೆ. ಪೂಜೆ ಮುಗಿಸಿ ಎದ್ದವನು ಮೊದಲು ಹೋಗಬೇಕಾದುದು ಮಾರುವವನ ಮನೆಗಲ್ಲ, ದಾಯಾದಿಯ ಮನೆಗೆ. ಅಲ್ಲಿಗೆ ಹೋಗಲು ಪಿಸ್ತೂಲು ಹಿಡಿಯುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕು. ಆ ಧೈರ್ಯವನ್ನು ಯಾವ ಅಂಗಡಿಯೂ ಮಾರುವುದಿಲ್ಲ; ಕರಸ್ಥಲದ ಲಿಂಗವೇ ಅದನ್ನು ದಯಪಾಲಿಸಬೇಕು.