ಏರಿಯಲ್ ಹಿಡಿದು ನಿಂತವನು

ಕಣ್ಣಿಗೆ ಕಾಣದ ಲೋಕದವರನ್ನು ಪ್ರೀತಿಸುವುದು ಸುಲಭ. ಪಕ್ಕದ ಓಣಿಯವರನ್ನು ಪ್ರೀತಿಸುವುದು ಕಷ್ಟ. ಹಾಗಿದ್ದರೆ ಆಕಾಶನೌಕೆ, ಅನ್ಯಗ್ರಹ ಎಂದು ಕಥೆ ಹೇಳುವ ಟಿ.ವಿ. ಧಾರಾವಾಹಿಗಳನ್ನು ಕೂಡಿ ನೋಡಿ ಮೆಚ್ಚಿಕೊಳ್ಳುವವರಲ್ಲಿ ಏನಾದರೂ ನೀತಿ ಹುಟ್ಟುತ್ತದೆಯೆ? ಹುಟ್ಟಿದರೆ ಟಿ.ವಿ. ಆರಿಸಿದ ಮೇಲೂ ಅದು ಉಳಿಯುತ್ತದೆಯೆ?

‘ಸ್ಟಾರ್ ಟ್ರೆಕ್’ 1966ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ಶೀತಲ ಸಮರದ ಆ ದಿನಗಳಲ್ಲಿ ಅದರ ನೌಕೆಯೊಳಗೆ ಕಪ್ಪು ಮಹಿಳೆ, ಏಷ್ಯಾ ಮೂಲದವನು, ಮುಂದೆ ರಷ್ಯದವನೂ ಒಟ್ಟಿಗೆ ದುಡಿಯುತ್ತಿದ್ದರು. ಆ ಮಹಿಳೆಯ ಪಾತ್ರ ವಹಿಸಿದ ನಿಶೆಲ್ ನಿಕೋಲ್ಸ್ ಬಿಟ್ಟುಹೋಗಲು ಹೊರಟಾಗ ಉಳಿಯಿರಿ ಎಂದು ಒತ್ತಾಯಿಸಿದವರು ಮಾರ್ಟಿನ್ ಲೂಥರ್ ಕಿಂಗ್. ಧಾರಾವಾಹಿ ನಿಲ್ಲುವ ಸುದ್ದಿ ಹಬ್ಬಿದಾಗ ಅಭಿಮಾನಿಗಳು ಪತ್ರಗಳ ಮಳೆ ಸುರಿಸಿ, 1968ರಲ್ಲಿ ಅದನ್ನು ಇನ್ನೊಂದು ವರ್ಷಕ್ಕೆ ಉಳಿಸಿಕೊಂಡರು. 1976ರಲ್ಲಿ ನಾಸಾದ ಮೊದಲ ಷಟಲ್‌ಗೆ ಆ ಕಥೆಯ ನೌಕೆಯ ಹೆಸರು ಬಂದದ್ದೂ ಇಂಥ ಪತ್ರಗಳಿಂದಲೇ. ಇದು ಸಣ್ಣ ಸಂಗತಿಯಲ್ಲ. ಆದರೂ ಒಂದು ಅನುಮಾನ ಉಳಿಯುತ್ತದೆ: ತಮಗೆ ಇಷ್ಟವಾದದ್ದನ್ನು ಉಳಿಸಿಕೊಳ್ಳುವುದು ಸಮುದಾಯದ ಗುಣವೋ, ಕೂಡಿ ಮಾಡಿದ ಸ್ವಾರ್ಥವೋ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯ ನಮಗೆ ಇಂಥ ಅಭಿಮಾನಿ ಸಂಘಗಳು ಗೊತ್ತಿರಲಿಲ್ಲ. ನಮಗಿದ್ದದ್ದು ದೂರದರ್ಶನ. 1997ರಿಂದ 2005ರವರೆಗೆ ‘ಶಕ್ತಿಮಾನ್’ ಬಂತು. 1998ರಲ್ಲಿ ಕೇತನ್ ಮೆಹ್ತಾ ನಿರ್ದೇಶನದ ‘ಕ್ಯಾಪ್ಟನ್ ವ್ಯೋಮ್’ ಬಂತು. ಎಲ್ಲರ ಮನೆಯಲ್ಲೂ ಟಿ.ವಿ. ಇರಲಿಲ್ಲ. ಓಣಿಯ ಒಂದು ಪಡಸಾಲೆಯಲ್ಲಿ ಲಿಂಗಾಯತರ, ಜೈನರ, ಮರಾಠರ ಮಕ್ಕಳು ಮತ್ತು ನಾವು ಮೊಣಕಾಲು ತಾಗಿಸಿಕೊಂಡು ಕೂರುತ್ತಿದ್ದೆವು. ಧಾರಾವಾಹಿಯ ಮಾತು ಹಿಂದಿ. ಉರ್ದು ಶಾಲೆಯವರೆಂದು ನಗೆಗೀಡಾಗುತ್ತಿದ್ದ ನಾವು ಅಲ್ಲಿ ದುಭಾಷಿಗಳು. ನಾವು ಕನ್ನಡದಲ್ಲಿ ಹೇಳಿದ್ದನ್ನು ಇನ್ನೊಬ್ಬ ತನ್ನ ಅಜ್ಜಿಗೆ ಮರಾಠಿಯಲ್ಲಿ ಹೇಳುತ್ತಿದ್ದ.

ಗಾಳಿ ಬೀಸಿದರೆ ಚಿತ್ರ ಕೆಡುತ್ತಿತ್ತು. ಆಗ ಒಬ್ಬ ಮಾಳಿಗೆ ಹತ್ತಿ ಏರಿಯಲ್ ತಿರುಗಿಸಬೇಕು. ಕೆಳಗಿನವರು “ಬಂತು, ಬಂತು, ಅಲ್ಲೇ ಹಿಡಿ” ಎಂದು ಕೂಗುತ್ತಿದ್ದರು. ಹಿಡಿದು ನಿಂತವನಿಗೆ ಮಾತ್ರ ಏನೂ ಕಾಣುತ್ತಿರಲಿಲ್ಲ. ಅವನು ಇಳಿದು ಬಂದ ಮೇಲೆ ತಪ್ಪಿದ ಕಥೆಯನ್ನು ಉಳಿದವರು ಹೇಳಲೇಬೇಕು, ಮುಂದಿನ ಸಲ ಇನ್ನೊಬ್ಬ ಹತ್ತಬೇಕು. ಈ ನಿಯಮವನ್ನು ಯಾರೂ ಬರೆದಿರಲಿಲ್ಲ.

ಒಮ್ಮೆ ಊರಿನಲ್ಲಿ ಒಂದು ಬೋರ್ಡಿನ ಸಲುವಾಗಿ ಜಗಳವಾಯಿತು. ಗಡಿಯ ಊರುಗಳಲ್ಲಿ ಅದೇನು ಹೊಸದಲ್ಲ. ಭಾಷೆಯ ಜಗಳ ಸಂಜೆಯೊಳಗೆ ಜಾತಿಯ, ಧರ್ಮದ ಜಗಳವಾಯಿತು. ಆ ಕಡೆ ಹೋಗಬೇಡಿ ಎಂದು ನಮ್ಮ ಹಿರಿಯರು ತಾಕೀತು ಮಾಡಿದರು. ಆ ವಾರ ಟಿ.ವಿ. ಮನೆಯ ಕಾಕುನೇ ನಮ್ಮ ಬಾಗಿಲಿಗೆ ಬಂದಳು. “ಯಾಕ್ರೋ ಬರಲಿಲ್ಲ? ಏರಿಯಲ್ ಹಿಡಿಯಾಕ ಯಾರೂ ಇಲ್ಲ, ಬರ್ರಿ” ಎಂದಳು. ಅವಳು ಸೌಹಾರ್ದದ ಮಾತಾಡಲಿಲ್ಲ. ಆದರೆ ಅವತ್ತು ಆ ಬಾಗಿಲಿಗೆ ಬರಲು ಧೈರ್ಯ ಬೇಕಿತ್ತು.

ನಮ್ಮ ಲೆಕ್ಕವನ್ನೂ ಹೇಳಿಬಿಡಬೇಕು. ಆ ಪಡಸಾಲೆಗೆ ನಮ್ಮ ಅಕ್ಕತಂಗಿಯರು ಬರಲಿಲ್ಲ. ನಾವು ಕರೆಯಲೂ ಇಲ್ಲ. 1905ರಲ್ಲೇ ಬಂಗಾಳದ ರುಕಿಯಾ ಸಖಾವತ್ ಹುಸೇನ್ ‘ಸುಲ್ತಾನಾಸ್ ಡ್ರೀಮ್’ ಎಂಬ ಕಥೆ ಬರೆದಿದ್ದರು. ಅಲ್ಲಿ ಹೆಂಗಸರು ಸೂರ್ಯನ ಶಾಖವನ್ನು ಪಳಗಿಸಿ ನಾಡನ್ನಾಳುತ್ತಾರೆ, ಗಂಡಸರು ಪರದೆಯೊಳಗಿರುತ್ತಾರೆ. ಬೇರೆ ಲೋಕದ ಕಥೆಯ ನಿಜವಾದ ಕೆಲಸ ಇದೇ ಇರಬೇಕು: ನಮ್ಮನ್ನು ಎದುರಿನವರ ಜಾಗದಲ್ಲಿ ಕೂರಿಸಿ ತೋರಿಸುವುದು. ಒಬ್ಬರನ್ನೊಬ್ಬರು ಅರಿಯಲೆಂದೇ ಮನುಷ್ಯರು ಬಗೆಬಗೆಯವರಾಗಿದ್ದಾರೆ ಎಂಬ ಅರಿವು ನಮ್ಮ ದೀನಿನಲ್ಲಿಯೂ ಇದೆ. ಮಾಳಿಗೆಯ ಮೇಲೆ ಎಲ್ಲ ಜಾತಿಯವರನ್ನೂ ಹತ್ತಿಸಿದ ನಾವು, ಮನೆಯೊಳಗಿನವರನ್ನೇ ಮರೆತಿದ್ದೆವು.

ಆದ್ದರಿಂದ ಕಥೆಯನ್ನು ಮೆಚ್ಚಿದವರೆಲ್ಲ ಒಳ್ಳೆಯವರಾಗುತ್ತಾರೆಂದು ನಾವು ನಂಬುವುದಿಲ್ಲ. ಮೆಚ್ಚುಗೆ ಬರೀ ಸಂತೋಷ. ಬೇರೆಯವರು ನೋಡಲೆಂದು ನಾವು ಸ್ವಲ್ಪ ಹೊತ್ತು ನೋಡದೆ ನಿಂತಾಗ ಮಾತ್ರ ಅದು ನೀತಿಯಾಗುತ್ತದೆ. ಈಗ ಮೊಬೈಲು ಕೈಗೆ ಬಂದಿದೆ, ಚಿತ್ರ ಕೆಡುವುದಿಲ್ಲ, ಯಾರೂ ಮಾಳಿಗೆ ಹತ್ತಬೇಕಾಗಿಲ್ಲ. ಇದು ಸೌಕರ್ಯವೇ, ದೂರುವುದಿಲ್ಲ. ಆದರೆ ಊರಿನಲ್ಲಿ ಮತ್ತೆ ಜಗಳವಾದರೆ, ನಮ್ಮ ಬಾಗಿಲು ತಟ್ಟಿ ಕರೆಯಲು ಪಕ್ಕದ ಓಣಿಯವರಿಗೆ ಏನು ನೆಪ ಉಳಿದಿದೆ? ಅವರ ಬಾಗಿಲು ತಟ್ಟಲು ನಮಗೆ?