ಎರಡಂಕಿಯ ಸಾಕ್ಷ್ಯ

ಕಳೆದ ಕ್ರಿಸ್ಮಸ್ ಹಬ್ಬಕ್ಕೆ ನನ್ನ ತಂಗಿಯ ಮಗಳು ಬೆಂಗಳೂರಿನಿಂದ ಹೊಸಪೇಟೆಗೆ ಬಂದಿದ್ದಳು. ಅಮೆರಿಕದ ಆಸ್ಪತ್ರೆಗಳ ಬಿಲ್ಲುಗಳನ್ನು ಸಿದ್ಧಪಡಿಸಿ ಅಲ್ಲಿಯ ವಿಮಾ ಕಂಪನಿಗಳಿಗೆ ಕಳುಹಿಸುವ ಕಚೇರಿಯೊಂದರಲ್ಲಿ ಅವಳಿಗೆ ಉದ್ಯೋಗ. ನಮ್ಮ ಕಡೆಯ ಪದವೀಧರ ಮಕ್ಕಳು ಇಂದು ಇಂತಹ ಕೆಲಸಗಳಲ್ಲಿ ಇದ್ದಾರೆ. ಅದೇನೆಂದು ತಂದೆತಾಯಿಗಳಿಗೆ ಸರಿಯಾಗಿ ತಿಳಿಯದು, ‘ಕಂಪ್ಯೂಟರ್ ಕೆಲಸ’ ಎಂದು ಹೇಳಿ ಮುಗಿಸಿಬಿಡುತ್ತಾರೆ. ಹಬ್ಬದ ರಾತ್ರಿ ಊಟವಾದ ಮೇಲೆ, ಕರ್ಜಿಕಾಯಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಅವಳು ಕೇಳಿದಳು: “ಮಾಮ, ಚಿಕಿತ್ಸೆ ನಡೆದಿರೋದು ನಿಜ. ವಿಮಾ ಕಂಪನಿ ಹಣ ಕೊಡೋದಿಲ್ಲ ಅಂತ ಬಿಲ್ಲು ವಾಪಸ್ ಕಳಿಸಿದೆ. ಎರಡು ಅಂಕಿ ಸೇರಿಸಿ ಮತ್ತೆ ಕಳಿಸಿದರೆ ಹಣ ಬರುತ್ತೆ. ಸೇರಿಸಿದರೆ ಸುಳ್ಳು ಹೇಳಿದ ಹಾಗೆ ಆಗುತ್ತಾ?”

ಉತ್ತರ ಹೇಳುವ ಮೊದಲು ಆ ಎರಡು ಅಂಕಿಗಳೇನೆಂದು ನಾನೇ ಕಲಿಯಬೇಕಾಯಿತು. ಅಮೆರಿಕದಲ್ಲಿ ವೈದ್ಯರು ಮಾಡುವ ಪ್ರತಿಯೊಂದು ಕೆಲಸಕ್ಕೂ ಐದಂಕಿಯ ಸಂಕೇತವೊಂದಿದೆ. ಅಲ್ಲಿಯ ವೈದ್ಯಕೀಯ ಸಂಘವು ಈ ಸಂಕೇತಗಳ ಪುಸ್ತಕವನ್ನು ಮೊದಲು ಹೊರತಂದದ್ದು 1966ರಲ್ಲಿ. ಆ ಸಂಕೇತದ ಬಾಲಕ್ಕೆ ಅಂಟಿಸುವ ಎರಡಂಕಿಯ ಗುರುತೇ ‘ಮಾಡಿಫೈಯರ್’. ಒಂದೇ ಶಸ್ತ್ರಕ್ರಿಯೆಯನ್ನು ದೇಹದ ಎರಡೂ ಬದಿಗೆ ಮಾಡಿದರೆ 50. ಅದೇ ವೈದ್ಯರು ಅದೇ ಚಿಕಿತ್ಸೆಯನ್ನು ಮತ್ತೊಮ್ಮೆ ಮಾಡಬೇಕಾಗಿ ಬಂದರೆ 76. ಶಸ್ತ್ರಕ್ರಿಯೆಯ ದಿನವೇ ಅದಕ್ಕಿಂತ ಬೇರೆಯಾದ, ಗಣನೀಯವಾದ ತಪಾಸಣೆಯನ್ನು ನಡೆಸಿದ್ದರೆ 25. ಅವಳ ನಿದ್ದೆಗೆಡಿಸಿದ್ದು 59. ‘ಈ ಕೆಲಸವು ಆ ಕೆಲಸದ ಭಾಗವಲ್ಲ, ಪ್ರತ್ಯೇಕವಾದದ್ದು’ ಎಂಬುದು ಅದರ ಅರ್ಥ.

ಒಂದು ನಿದರ್ಶನ ಕೊಡುತ್ತೇನೆ. ವೈದ್ಯರು ಚರ್ಮದ ಗಂಟೊಂದರಿಂದ ಪರೀಕ್ಷೆಗೆಂದು ಚಿಕ್ಕ ತುಣುಕು ತೆಗೆಯುತ್ತಾರೆ, ಅದೇ ಹೊತ್ತಿನಲ್ಲಿ ಆ ಗಂಟನ್ನೇ ಪೂರ್ತಿ ಕತ್ತರಿಸಿ ತೆಗೆಯುತ್ತಾರೆ. ಆಗ ತುಣುಕು ತೆಗೆದದ್ದು ದೊಡ್ಡ ಕೆಲಸದಲ್ಲೇ ಅಡಕವಾಗಿದೆ, ಅದಕ್ಕೆ ಬೇರೆ ಹಣ ಕೇಳುವಂತಿಲ್ಲ. ಆದರೆ ತುಣುಕು ತೆಗೆದದ್ದು ಬಲತೋಳಿನ ಗಂಟಿನಿಂದ, ಕತ್ತರಿಸಿದ್ದು ಎಡಗಾಲಿನ ಗಂಟನ್ನು ಎಂದಾದರೆ ಎರಡಕ್ಕೂ ಹಣ ಸಲ್ಲಬೇಕು. ಜೊತೆಯಾಗಿ ಬಿಲ್ಲು ಮಾಡಬಾರದ ಇಂತಹ ಜೋಡಿಗಳ ಪಟ್ಟಿಯನ್ನು ಅಲ್ಲಿಯ ಸರ್ಕಾರ 1996ರಿಂದ ಜಾರಿಯಲ್ಲಿಟ್ಟಿದೆ. ಕಂಪ್ಯೂಟರಿಗೆ ತೋಳೂ ಕಾಲೂ ಕಾಣಿಸವು. 59 ಎಂದು ಬರೆದರೆ ನಂಬುತ್ತದೆ, ಬರೆಯದಿದ್ದರೆ ತಿರಸ್ಕರಿಸುತ್ತದೆ. ಈ ಗುರುತಿನ ದುರ್ಬಳಕೆ ಹೆಚ್ಚಾದದ್ದರಿಂದಲೇ 2015ರಲ್ಲಿ ಅದನ್ನು ಇನ್ನೂ ಬಿಡಿಸಿ, ಬೇರೆ ಭೇಟಿಯೋ, ಬೇರೆ ಅಂಗವೋ, ಬೇರೆ ವೈದ್ಯರೋ ಎಂದು ನಿಖರವಾಗಿ ಹೇಳುವ ಹೊಸ ಗುರುತುಗಳನ್ನು ತಂದರು.

ನನ್ನ ಸೊಸೆಯ ಮುಂದಿದ್ದ ಹನ್ನೊಂದು ಕಡತಗಳಲ್ಲಿ ಎರಡು ಕೆಲಸಗಳು ನಡೆದದ್ದು ದಾಖಲಾಗಿತ್ತು. ಎಲ್ಲಿ ನಡೆದವು ಎಂಬುದು ಸ್ಪಷ್ಟವಿರಲಿಲ್ಲ. ಮೇಲಿನವರು, “59 ಹಾಕಿ ಕಳಿಸು, ಪಾಸಾಗುತ್ತೆ” ಎಂದಿದ್ದರು.

ಮರುದಿನ ಮಕ್ಕಳನ್ನು ಕರೆದುಕೊಂಡು ಹಂಪಿಗೆ ಹೋದೆವು. ವಿಠ್ಠಲ ದೇವಾಲಯದ ಸಮೀಪದಲ್ಲಿರುವ ಅರಸರ ತಕ್ಕಡಿಯನ್ನು ನಮ್ಮ ಓದುಗರಲ್ಲಿ ಹಲವರು ನೋಡಿರಬಹುದು: ಎರಡು ಕಲ್ಲುಕಂಬ, ಮೇಲೊಂದು ಕಲ್ಲಿನ ತೊಲೆ. ಅರಸನು ಚಿನ್ನಕ್ಕೆ ಸಮನಾಗಿ ತೂಗಿಸಿಕೊಂಡು ದಾನ ಕೊಡುತ್ತಿದ್ದನೆಂದು ಹೇಳುತ್ತಾರೆ. ತಟ್ಟೆಗಳು ಈಗಿಲ್ಲ. ಅದರ ನೆರಳಿನಲ್ಲಿ ನಿಂತು ಅವಳು ತನ್ನ ಸಹೋದ್ಯೋಗಿಗಳ ವಾದಗಳನ್ನು ಒಂದೊಂದಾಗಿ ಹೇಳಿದಳು.

ಮೊದಲನೆಯದು: ನಷ್ಟವಾಗುವುದು ದೊಡ್ಡ ಕಂಪನಿಗೆ, ಬಡವನಿಗಲ್ಲ. ಇದಕ್ಕೆ ಹೆಚ್ಚು ಮಾತು ಬೇಡ. ವಿಮೆಯ ಹಣವೆಂದರೆ ಕಂತು ಕಟ್ಟಿದ ಸಾವಿರಾರು ಮಂದಿಯ ಹಣ. ಮುಂದಿನ ವರ್ಷದ ಕಂತು ಏರಿದಾಗ ಅದನ್ನು ಕಟ್ಟುವವರು ಅವರೇ.

ಎರಡನೆಯ ವಾದವೇ ಗಟ್ಟಿಯಾದುದು. ಚಿಕಿತ್ಸೆ ನಡೆದದ್ದು ಸತ್ಯ, ಹಣ ಸಲ್ಲಬೇಕಾದದ್ದು ನ್ಯಾಯ. ಸಂಕೇತವೆಂಬುದು ಬರಿಯ ವ್ಯಾಕರಣ, ಬೀಗಕ್ಕೆ ತಕ್ಕ ಕೀಲಿ. ಕೀಲಿ ಹಾಕುವುದರಲ್ಲಿ ಸುಳ್ಳೆಲ್ಲಿಂದ ಬಂತು? ಇಲ್ಲಿಯೇ ನಾವು ಎಡವುತ್ತೇವೆಂದು ನನಗನ್ನಿಸುತ್ತದೆ. ಕೀಲಿ ಏನನ್ನೂ ಹೇಳುವುದಿಲ್ಲ. 59 ಹೇಳುತ್ತದೆ. ಒಬ್ಬ ಮನುಷ್ಯನ ದೇಹದ ಮೇಲೆ ಒಂದು ದಿನ ನಡೆದದ್ದೇನೆಂದು, ಅಲ್ಲಿರದ ಒಬ್ಬರಿಗೆ, ಅದು ಸಾಕ್ಷ್ಯ ನುಡಿಯುತ್ತದೆ. ಮಾತಿನಲ್ಲಿ ಹೇಳಿದ್ದರೆ ಸುಳ್ಳಾಗುವುದು ಅಂಕಿಯಲ್ಲಿ ಬರೆದರೂ ಸುಳ್ಳೇ. ಸಂತ ಅಗಸ್ಟೀನರು ಸುಳ್ಳಿನ ವಿಷಯವಾಗಿಯೇ ಎರಡು ಗ್ರಂಥಗಳನ್ನು ಬರೆದರು. ಒಳ್ಳೆಯ ಉದ್ದೇಶಕ್ಕಾಗಿ ಹೇಳಿದ ಸುಳ್ಳನ್ನೂ ಅವರು ಒಪ್ಪಲಿಲ್ಲ. ಅವರ ಬಿಗಿ ಕೆಲವರಿಗೆ ಅತಿಯೆನಿಸಬಹುದು. ಆದರೆ ಯಾರ ಪ್ರಾಣವನ್ನೂ ಉಳಿಸದ, ಬರಿಯ ಬಿಲ್ಲು ದಾಟಿಸುವ ಸುಳ್ಳಿಗೆ ಸಡಿಲಿಕೆ ಕೇಳುವುದಾದರೂ ಹೇಗೆ?

ಸಂತ ಲೂಕರ ಶುಭಸಂದೇಶದ 16ನೆಯ ಅಧ್ಯಾಯದ ಮೇಸ್ತ್ರಿ ಅವಳಿಗೆ ನೆನಪಾದ. ಸಾಲಗಾರರನ್ನು ಕರೆದು, ನೂರು ಅಳತೆಯ ಎಣ್ಣೆಯ ಪತ್ರವನ್ನು ಐವತ್ತಕ್ಕೆ ತಿದ್ದಿಸಿದವನು. “ಅವನನ್ನು ಒಡೆಯ ಹೊಗಳಿದನಲ್ಲಾ ಮಾಮ?” ಹೊಗಳಿದ್ದು ಅವನ ಮುಂದಾಲೋಚನೆಯನ್ನು. ಆ ಸಾಮತಿಯಲ್ಲಿ ಅವನನ್ನು ಕರೆದಿರುವುದು ಅಪ್ರಾಮಾಣಿಕನೆಂದೇ.

ಇನ್ನೊಂದು ವಾದವಿದೆ, ಅದು ಬಾಯಲ್ಲಿ ಬರುವುದಿಲ್ಲ: ‘ನನಗೆ ಗೊತ್ತಿಲ್ಲ, ಬೇರೆ ಬೇರೆ ಕಡೆ ಆಗಿದ್ದರೂ ಇರಬಹುದು, ಕೇಳುವುದು ನನ್ನ ಕೆಲಸವಲ್ಲ.’ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಗಾದೆ ನಮ್ಮಲ್ಲಿದೆ. ಅಮೆರಿಕದ ಕಾನೂನೂ ಈ ಬೆಕ್ಕನ್ನು ಬಲ್ಲದು. ಅಂತರ್ಯುದ್ಧದಲ್ಲಿ ಸೈನ್ಯಕ್ಕೆ ಕಳಪೆ ಸರಕು ಕೊಟ್ಟು ಹಣ ದೋಚಿದವರಿಗಾಗಿ 1863ರಲ್ಲಿ, ಲಿಂಕನ್ನರ ಕಾಲದಲ್ಲಿ, ಮಾಡಿದ ಕಾಯಿದೆಯೇ ಇಂದು ಸರ್ಕಾರಿ ಆರೋಗ್ಯ ವಿಮೆಯ ಸುಳ್ಳು ಬಿಲ್ಲುಗಳಿಗೂ ಅನ್ವಯಿಸುತ್ತದೆ. 1986ರ ತಿದ್ದುಪಡಿಯ ಪ್ರಕಾರ, ಸುಳ್ಳೆಂದು ತಿಳಿದಿದ್ದವನಷ್ಟೇ ಅಲ್ಲ, ಬೇಕೆಂದೇ ತಿಳಿಯದೆ ಉಳಿದವನೂ ತಿಳಿದವನೇ. ತಿಳಿಯಬಹುದಾದುದನ್ನು, ತಿಳಿಯಬೇಕಾದುದನ್ನು ತಿಳಿಯದಿರುವುದೇ ದೋಷವೆಂದು ಸಂತ ಥಾಮಸ್ ಅಕ್ವಿನಾಸರು ಅದಕ್ಕೂ ಏಳು ಶತಮಾನಗಳ ಹಿಂದೆಯೇ ಬೋಧಿಸಿದ್ದರು.

ಇಷ್ಟನ್ನು ಓದಿ, ಅನುಮಾನವಿದ್ದರೆ ಗುರುತು ಹಾಕದಿರುವುದೇ ಪುಣ್ಯವೆಂದು ಯಾರೂ ತಿಳಿಯಬಾರದು. ನಿಜವಾಗಿಯೂ ಎರಡು ಕೆಲಸ ನಡೆದಿರುವಾಗ ಗುರುತನ್ನು ಬಿಡುವುದೂ ಅರೆಸತ್ಯವೇ. ವೈದ್ಯರ ದುಡಿಮೆ ವ್ಯರ್ಥವಾಗುತ್ತದೆ, ಕೆಲವೊಮ್ಮೆ ಹೊರೆ ರೋಗಿಯ ಮೇಲೆಯೇ ಬೀಳುತ್ತದೆ. ಗುಮಾಸ್ತನ ಸೋಮಾರಿತನಕ್ಕೆ ಬೆಲೆ ತೆರುವವನು ಹೆಚ್ಚಾಗಿ ಹಾಸಿಗೆ ಹಿಡಿದವನೇ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸಂಡೂರಿನ ಗಣಿಗಳಲ್ಲಿ ಅದಿರು ಲಾರಿ ಓಡಿಸುವ ಒಬ್ಬರು ಬಿದ್ದು ಬಲಮುಂಗೈ ಮುರಿದುಕೊಂಡರು. ಗುತ್ತಿಗೆದಾರರು ಮಾಡಿಸಿದ್ದ ಗುಂಪು ವಿಮೆಯಿತ್ತು. ಆದರೆ ಮೊದಲು ಕೈಯಿಂದ ಕಟ್ಟಿ ಆಮೇಲೆ ಪಡೆಯಬೇಕಿತ್ತು. ಕಂಪ್ಲಿಯ ತವರಿನಲ್ಲಿ ಬಡ್ಡಿಗೆ ಸಾಲ ತಂದು ಅವರ ಪತ್ನಿ ಆಸ್ಪತ್ರೆಗೆ ಕಟ್ಟಿದರು. ಕ್ಲೇಮು ತಿರಸ್ಕೃತವಾಯಿತು. ಎಕ್ಸ್‌ರೇಯಲ್ಲಿ ಬಲಗೈ, ಡಿಸ್ಚಾರ್ಜ್ ಸಮ್ಮರಿಯಲ್ಲಿ ಎಡಗೈ! ಒಂದು ಪದ ತಿದ್ದಿಸಲು ಆಕೆ ಕೂಲಿ ಬಿಟ್ಟು ಮೂರು ಸಲ ಅಲೆದರು. ಮೂರನೆಯ ಸಲ ನಾನೂ ಜೊತೆಗಿದ್ದೆ. ಬಿಲ್ಲಿನ ಕೌಂಟರಿನಲ್ಲಿದ್ದವರು ಕರುಣೆಯಿಂದಲೇ ಹೇಳಿದರು: “ಹೇಗೂ ಹೊಸದಾಗಿ ಬರೀತಿದೀವಲ್ಲಮ್ಮಾ, ವಾರ್ಡಿನಲ್ಲಿ ಎರಡು ದಿನ ಜಾಸ್ತಿ ಇದ್ದಿರಿ ಅಂತ ಸೇರಿಸಿಬಿಡೋಣ. ನಿಮ್ಮ ಬಡ್ಡಿಗಾದರೂ ಆಗುತ್ತೆ.” ಆಕೆ ನನ್ನ ಮುಖ ನೋಡಿದರು. ಆ ಕ್ಷಣದಲ್ಲಿ ನೀತಿಬೋಧೆ ಮಾಡುವುದು ಎಷ್ಟು ಕಷ್ಟವೆಂದು, ಸಾಲವಿಲ್ಲದವನಾದ ನನಗೆ ಮನವರಿಕೆಯಾಯಿತು. ಬಡ್ಡಿಗೆ ಕಾರಣವಾದ ತಪ್ಪು ಆಕೆಯದಲ್ಲ. ಆದರೂ ಎರಡು ಸುಳ್ಳು ದಿನಗಳು ಸೇರಿದರೆ, ಆಮೇಲೆ ಯಾರಾದರೂ ವಾರ್ಡಿನ ಪುಸ್ತಕ ತೆರೆದಾಗ ನಿಜವಾದ ಬಲಗೈಯೂ ಸುಳ್ಳಾಗಿ ಕಾಣುತ್ತದೆ. ಕೊನೆಗೆ ಹಳೆಯ ಪದದ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ‘ಬಲಗೈ’ ಎಂದು ಬರೆದು, ವೈದ್ಯರಿಂದ ಸಹಿ ಮತ್ತು ದಿನಾಂಕ ಹಾಕಿಸಿದೆವು. ತಡವಾಗಿಯಾದರೂ ಹಣ ಬಂತು. ಬಡ್ಡಿಗೆ ಬರಲಿಲ್ಲ.

ನಮ್ಮ ಸರ್ಕಾರಿ ಯೋಜನೆಗಳಲ್ಲಿ ಮಾಡಿಫೈಯರ್ ಎಂಬ ಹೆಸರಿಲ್ಲದಿದ್ದರೂ ಪ್ರಶ್ನೆ ಅದೇ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ಇದೆ. ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು, ತುರ್ತು ಸ್ಥಿತಿಯಲ್ಲಿ ಬೇಡ. ‘ತುರ್ತು’ ಎಂಬ ಒಂದು ಪದ ಇಲ್ಲಿ 59ರ ಕೆಲಸ ಮಾಡುತ್ತದೆ. ಪತ್ರಕ್ಕಾಗಿ ಒಂದು ದಿನದ ಕೂಲಿ ಕಳೆದುಕೊಳ್ಳುವ ಬಡವನಿಗೆ ಈ ನಿಯಮ ಕಠಿಣವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಕಠಿಣವೆಂದು ಗಟ್ಟಿಯಾಗಿ ಹೇಳೋಣ, ಬದಲಿಸಿರೆಂದು ಕೇಳೋಣ. ಕಳ್ಳದಾರಿಯನ್ನು ಅವನಿಗೆ ಉಪಕಾರವೆಂಬಂತೆ ತೋರಿಸುವುದು ಬೇಡ. ಖಾಸಗಿ ವಿಮೆಯವರು ನ್ಯಾಯವಾದ ಕ್ಲೇಮನ್ನು ನಿರಾಕರಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಬೇಕು. ಅಲ್ಲಿಯೂ ನ್ಯಾಯ ಸಿಗದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ರಿಗೆ ದೂರು ಸಲ್ಲಿಸಬಹುದು, ಶುಲ್ಕವಿಲ್ಲ. ಈ ದಾರಿ ನಮ್ಮ ಎಷ್ಟು ಮನೆಗಳಿಗೆ ಗೊತ್ತು?

ಅಮೆರಿಕದ ಪದ್ಧತಿಯಲ್ಲಿ ನನಗೆ ಹಿಡಿಸಿದ ಒಂದು ವಿಷಯವುಂಟು. ತಿದ್ದಿದ ಬಿಲ್ಲನ್ನು ಮತ್ತೆ ಕಳುಹಿಸುವಾಗ ಅದರ ಮೇಲೆ 7 ಎಂಬ ಅಂಕಿಯನ್ನೂ ಹಳೆಯ ಬಿಲ್ಲಿನ ಸಂಖ್ಯೆಯನ್ನೂ ನಮೂದಿಸಬೇಕು. ‘ಇದು ಹೊಸದಲ್ಲ, ಮೊದಲು ಹೀಗೆ ಹೇಳಿದ್ದೆ, ಈಗ ತಿದ್ದಿ ಹೇಳುತ್ತಿದ್ದೇನೆ’ ಎಂದು ಅದರರ್ಥ. ಆ ಅಂಕಿಯಿಲ್ಲದೆ ಕಳುಹಿಸಿದರೆ ಒಂದೇ ಕೆಲಸಕ್ಕೆ ಎರಡು ಸಲ ಹಣ ಕೇಳಿದಂತಾಗಿ ಮತ್ತೆ ತಿರಸ್ಕೃತವಾಗುತ್ತದೆ. ಕಂಪ್ಲಿಯ ಆ ತಾಯಿಯ ಕಾಗದದ ಮೇಲಿನ ಒಂದು ಗೆರೆಯೂ ಇದನ್ನೇ ಹೇಳುತ್ತಿತ್ತು.

ಹಂಪಿಯಿಂದ ಹಿಂದಿರುಗುವಾಗ ನಾನು ಅವಳಿಗೆ ಹೇಳಿದ್ದು ಇಷ್ಟೇ: ಯಾವ ಗುರುತು ಹಾಕಿದರೆ ಪಾಸಾಗುತ್ತದೆಂದು ಕೇಳಬೇಡ, ಆ ದಿನ ಏನು ನಡೆಯಿತೆಂದು ವೈದ್ಯರನ್ನು ಕೇಳು. ಜನವರಿಯ ಕೊನೆಯಲ್ಲಿ ಅವಳ ಫೋನ್ ಬಂತು. ವೈದ್ಯರಿಗೆ ಹನ್ನೊಂದು ಪ್ರಶ್ನೆಗಳನ್ನು ಕಳುಹಿಸಿದ್ದಳಂತೆ. ಏಳರಲ್ಲಿ ಜಾಗಗಳು ಬೇರೆಯೇ ಆಗಿದ್ದವು, ವೈದ್ಯರು ದಾಖಲೆಗೆ ಸೇರಿಸಿ ಸಹಿ ಹಾಕಿದರು, ಅವಳು 59 ಹಾಕಿ ಕಳುಹಿಸಿದಳು. ಉಳಿದ ನಾಲ್ಕರಲ್ಲಿ ಜಾಗ ಒಂದೇ. ಅವುಗಳಿಗೆ ಹಾಕಲಿಲ್ಲ.

“ನಿಮ್ಮ ಮೇಲಿನವರು ಏನಂದರಮ್ಮಾ?” ಎಂದು ಕೇಳಿದೆ.

“ಇನ್ನೂ ಏನೂ ಅಂದಿಲ್ಲ ಮಾಮ,” ಎಂದಳು.