ಎರಡನೇ ಅವಕಾಶ ಯಾರಿಗೆ?

2019ರ ಜನವರಿಯ ವಿವಾದ ನೆನಪಿದೆಯಲ್ಲವೇ? ಟಿ.ವಿ. ಕಾರ್ಯಕ್ರಮವೊಂದರಲ್ಲಿ ಮಹಿಳೆಯರ ಬಗ್ಗೆ ಆಡಿದ ಹಗುರ ಮಾತುಗಳಿಂದ ಹಾರ್ದಿಕ್ ಪಾಂಡ್ಯ ಹಾಗೂ ನಮ್ಮ ಕೆ.ಎಲ್. ರಾಹುಲ್ ಅಮಾನತುಗೊಂಡರು. ಆಸ್ಟ್ರೇಲಿಯಾ ಪ್ರವಾಸದಿಂದ ಅರ್ಧಕ್ಕೇ ಮರಳಬೇಕಾಯಿತು. ಅಮಾನತು ತೆರವಾದಾಗ ರಾಹುಲ್ ಸೇರಿದ್ದು ‘ಭಾರತ ಎ’ ತಂಡವನ್ನು. ಅಲ್ಲಿ ಕೋಚ್ ರಾಹುಲ್ ದ್ರಾವಿಡ್ ಜೊತೆ ಕಳೆದ ದಿನಗಳು ನೆರವಾದವೆಂದು ಅವರೇ ಹೇಳಿಕೊಂಡರು. ಏಪ್ರಿಲ್‌ನಲ್ಲಿ ಇಬ್ಬರಿಗೂ ತಲಾ 20 ಲಕ್ಷ ರೂ. ದಂಡ ಬಿತ್ತು: ಅರ್ಧ ಹುತಾತ್ಮ ಅರೆಸೇನಾ ಸಿಬ್ಬಂದಿಯ ಪತ್ನಿಯರಿಗೆ, ಅರ್ಧ ಅಂಧರ ಕ್ರಿಕೆಟ್‌ಗೆ. 2023ರ ವಿಶ್ವಕಪ್‌ನಲ್ಲಿ ದ್ರಾವಿಡ್ ಗರಡಿಯಲ್ಲೇ ರಾಹುಲ್ 452 ರನ್ ಗಳಿಸಿದರು.

ಸಂತೋಷ. ಆದರೆ ಅವಕಾಶ ಸಿಕ್ಕಿದ್ದು ಮನುಷ್ಯನಿಗೋ, ಅವನ ಬ್ಯಾಟಿಗೋ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಲ್ಲೇ ಆಗಲಿ, ಅಂಗಡಿಯ ಕೆಲಸದ ಹುಡುಗನೊಬ್ಬ ಗಲ್ಲಾದಿಂದ ಐನೂರು ರೂಪಾಯಿ ಕದ್ದನೆನ್ನಿ. ಹಣ ಹಿಂದಿರುಗಿಸಿ ತಪ್ಪೊಪ್ಪಿಕೊಂಡರೂ ಊರು ಅವನನ್ನು ಕಳ್ಳನೆಂದೇ ಕರೆಯುತ್ತದೆ. ತೋರಿಸಲು ಅವನ ಬಳಿ 452 ರನ್ ಇಲ್ಲ.

ಶಿಕ್ಷೆ ಬೇಡವೆನ್ನುತ್ತಿಲ್ಲ. ತಪ್ಪನ್ನು ತಪ್ಪೆನ್ನಲೇಬೇಕು, ನೊಂದವರ ನಷ್ಟ ತುಂಬಲೇಬೇಕು. ಅದಾದ ಮೇಲೂ ಬಾಗಿಲು ಮುಚ್ಚಿಯೇ ಇದ್ದರೆ ಅವನು ತಿದ್ದಿಕೊಳ್ಳುವುದಾದರೂ ಏತಕ್ಕೆ? ಪ್ರತಿಭಾವಂತನಿಗೆ ಕ್ಷಮೆ ಸುಲಭ. ಅದರಲ್ಲಿ ನಮ್ಮ ಲಾಭವೂ ಇದೆ. ಆ ಹುಡುಗನನ್ನು ಮತ್ತೆ ಗಲ್ಲಾದ ಬಳಿ ಕೂರಿಸಲು ಮಾತ್ರ ಧೈರ್ಯ ಬೇಕು. ನಮ್ಮ ಕ್ಷಮೆಯ ಪರೀಕ್ಷೆ ನಡೆಯುವುದು ಅಲ್ಲಿಯೇ.